ಹಳೆಯ ಎಲೆಕ್ಟ್ರಿಕ್ ಗಿಟಾರು: ಕೊಳ್ಳಬೇಕೇ, ಬಿಡಬೇಕೇ?

ಹಳೆಯ ಕೊಡೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರೂ ಇಲ್ಲ. ಹಳೆಯ ವೀಣೆಯನ್ನು ಕೊಳ್ಳುವವರು ಇದ್ದಾರೆ. ಮರ ಒಣಗಿದಷ್ಟೂ ನಾದ ಹೆಚ್ಚು ಎಂಬುದು ಅವರ ನಂಬಿಕೆ. ಆದರೆ ಎಲೆಕ್ಟ್ರಿಕ್ ಗಿಟಾರಿನ ಸಂಗತಿ ಬೇರೆ. ಅದಕ್ಕೆ ಬುರುಡೆಯಿಲ್ಲ, ಸಾಮಾನ್ಯವಾಗಿ ಮೈಯೆಲ್ಲ ಗಟ್ಟಿ ಮರ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಅದುರಿದಾಗ, ಆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಎಳೆಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ದೊಡ್ಡದು ಮಾಡುತ್ತದೆ. ಇದಕ್ಕೆ 'ಪಿಕಪ್' ಎಂದು ಹೆಸರು. ಹೀಗಾಗಿ ಹಳೆಯ ಗಿಟಾರು ಕೊಳ್ಳುವವನು ಅರ್ಧ ಬಡಗಿಯ ಕಣ್ಣಿನಿಂದ, ಅರ್ಧ ರೇಡಿಯೋ ರಿಪೇರಿಯವನ ಕಣ್ಣಿನಿಂದ ನೋಡಬೇಕಾಗುತ್ತದೆ.

ಮೊದಲು ಸ್ವಲ್ಪ ಚರಿತ್ರೆ. ೧೯೩೨ರಲ್ಲಿ ಅಮೆರಿಕದ ರಿಕನ್‌ಬ್ಯಾಕರ್‌ನವರು ಮಾರಾಟಕ್ಕೆ ತಂದ ಎಲೆಕ್ಟ್ರಿಕ್ ಗಿಟಾರು ನೋಡಲು ಬಾಣಲೆಯಂತಿತ್ತು. ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿಯನ್ ಬಗೆಯದು. ಈಗ ಎಲ್ಲರೂ ಬಲ್ಲ ಆಕಾರಗಳು ಆಮೇಲಿನವು. ಫೆಂಡರ್‌ನವರ ಗಟ್ಟಿ ಮೈಯ ಗಿಟಾರು ೧೯೫೦ರಲ್ಲಿ, ಗಿಬ್ಸನ್‌ನವರ ಲೆಸ್ ಪಾಲ್ ೧೯೫೨ರಲ್ಲಿ, ಸ್ಟ್ರಾಟೊಕ್ಯಾಸ್ಟರ್ ೧೯೫೪ರಲ್ಲಿ ಬಂದವು. ನಮ್ಮ ದೇಶದಲ್ಲಿ ೧೯೯೧ರ ತನಕ ಆಮದಿನ ಬಿಗಿ ಇತ್ತು. ಹಡಗಿನ ನೌಕರಿಯವರು ತಂದದ್ದು, ಇಲ್ಲವೆ ಕಲ್ಕತ್ತೆಯಲ್ಲಿ ಮಾಡಿದ್ದು, ಇಷ್ಟೇ ಗತಿ. ಲಖನೌದಿಂದ ಮುಂಬಯಿಗೆ ಬಂದ ವ್ಯಾನ್ ಶಿಪ್ಲೆ (೧೯೨೭-೨೦೦೮) ಹಿಂದಿ ಸಿನಿಮಾದ ಹಾಡುಗಳನ್ನು ಎಲೆಕ್ಟ್ರಿಕ್ ಹವಾಯಿಯನ್ ಗಿಟಾರಿನಲ್ಲಿ ನುಡಿಸಿ ಮನೆಮಾತಾದರು. ಅದರಿಂದಾಗಿ ನಮ್ಮ ಕಡೆ ಅಟ್ಟದ ಮೇಲೆ ಸಿಗುವ ಹಳೆಯ ಗಿಟಾರು ಕಲ್ಕತ್ತೆಯದೋ, ಜಪಾನಿನದೋ ಆಗಿರುವ ಸಂಭವವೇ ಹೆಚ್ಚು. ಅಸಲು ಅಮೆರಿಕದ್ದು ಅಪರೂಪ.

ತಲೆಯ ಮೇಲೆ ಬರೆದ ಹೆಸರನ್ನು ಮಾತ್ರ ನಂಬಬಾರದು. ಬದಲಾಪುರದ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ; ಪಕ್ಕದ ಉಲ್ಲಾಸನಗರದ ಮಾಲಿನ ಮೇಲಿನ 'ಯು.ಎಸ್.ಎ.' ಎಂದರೆ 'ಉಲ್ಲಾಸನಗರ ಸಿಂಧಿ ಅಸೋಸಿಯೇಶನ್' ಎಂಬ ಹಳೇ ಜೋಕು ಲೋಕಲ್ ಗಾಡಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ತಟ್ಟೆ ಬಿಚ್ಚಿ ಒಳಗೆ ನೋಡಬೇಕು. ಅಮೆರಿಕದ ವಾಲ್ಯೂಮ್ ಕಂಟ್ರೋಲುಗಳ ಬೆನ್ನಿನ ಮೇಲೆ ಅಂಕಿ ಒತ್ತಿರುತ್ತಾರೆ. ೧೩೭೬೬೧೨ ಎಂದಿದ್ದರೆ ೧೩೭ ತಯಾರಕರ ಗುರುತು, ೬೬ ಎಂದರೆ ೧೯೬೬ನೇ ಇಸವಿ, ೧೨ ಎಂದರೆ ಹನ್ನೆರಡನೇ ವಾರ. ಬೆಸುಗೆ ಮೂಲದ್ದೇ ಆಗಿದ್ದರೆ ಗಿಟಾರು ಅದಕ್ಕಿಂತ ಹಿಂದಿನದಾಗಲಾರದು.

ಇನ್ನು ದಂಡಿ. ಕೊಳ್ಳುವುದು ಬಿಡುವುದು ನಿಂತಿರುವುದೇ ಇದರ ಮೇಲೆ. ಆರು ತಂತಿ ಸೇರಿ ನಲವತ್ತು-ಐವತ್ತು ಕಿಲೋದಷ್ಟು ಎಳೆಯುತ್ತವೆ. ವರ್ಷಗಟ್ಟಲೆ ಬಿಗಿದ ತಂತಿಯ ಜೊತೆ ಮೂಲೆಗೆ ಒರಗಿಸಿಟ್ಟರೆ ದಂಡಿ ಬಿಲ್ಲಾಗುತ್ತದೆ. ಪರೀಕ್ಷೆ ಸುಲಭ. ತಂತಿಯನ್ನು ಮೊದಲ ಮೆಟ್ಟಿನ ಮೇಲೂ ಕೊನೆಯ ಮೆಟ್ಟಿನ ಮೇಲೂ ಒತ್ತಿ ಹಿಡಿದು ನಡುವಿನ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟಿದ್ದರೆ ಚಿಂತೆಯಿಲ್ಲ. ಬೆರಳು ತೂರುವಂತಿದ್ದರೆ ಎದ್ದು ಬನ್ನಿ. ಬಹಳ ಗಿಟಾರುಗಳ ದಂಡಿಯೊಳಗೆ ಉಕ್ಕಿನ ಸಲಾಕೆ ಇದ್ದು, ಅದರ ನಟ್ಟನ್ನು ಕಾಲು ಸುತ್ತು ತಿರುಗಿಸಿ ಬಾಗು ತಿದ್ದಬಹುದು. ತುಕ್ಕು ಹಿಡಿದು ತಿರುಗದಿದ್ದರೆ ಬಲ ಹಾಕಬೇಡಿ. ಸಲಾಕೆ ಮುರಿದರೆ ಕಥೆ ಮುಗಿದಂತೆ. ಇಲ್ಲೊಂದು ಹೊಳೆದ ಮಾತು: ದಂಡಿ ತಿದ್ದಲಾಗದಷ್ಟು ಬಾಗಿದ್ದರೂ ಹವಾಯಿಯನ್ ರೀತಿಯಲ್ಲಿ ನುಡಿಸಬಹುದು. ಉಕ್ಕಿನ ತುಂಡು ಮೆಟ್ಟನ್ನು ಮುಟ್ಟುವುದೇ ಇಲ್ಲವಲ್ಲ!

ಬೆರಳಾಡುವ ಹಲಗೆ ಕರಿಗೆಂಪು ಬಣ್ಣದ ಗಟ್ಟಿ ಮರವಾಗಿದ್ದರೆ ಅದು ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಇರಬಹುದು. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾಗಿ ೧೯೬೯ರಲ್ಲಿ ಅಮೆರಿಕದ ಮಾರ್ಟಿನ್ ಗಿಟಾರಿನವರು ಭಾರತದ ಬೀಟೆಗೆ ತಿರುಗಿದರು. ಒಣಗಿ ಬಿಳಚಿಕೊಂಡಿದ್ದರೆ ಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪಿಕಪ್ಪಿನೊಳಗೆ ಕೂದಲಂಥ ತಾಮ್ರದ ಎಳೆ ಸಾವಿರಾರು ಸುತ್ತು ಇರುತ್ತದೆ. ಮಲ್ಟಿಮೀಟರು ಹಚ್ಚಿದಾಗ ಐದರಿಂದ ಒಂಬತ್ತು ಕಿಲೋ-ಓಮ್ ತೋರಿಸಿದರೆ ಸಾಮಾನ್ಯವಾಗಿ ಜೀವವಿದೆ. ಏನೂ ತೋರದಿದ್ದರೆ ಎಳೆ ಹರಿದಿದೆ, ಹೊಸದಾಗಿ ಸುತ್ತಿಸಬೇಕು. ಕರಕರ ಎನ್ನುವ ಕಂಟ್ರೋಲು, ಸಡಿಲ ಸ್ವಿಚ್ಚು, ಜಂಗು ಹಿಡಿದ ಬಿರಡೆ, ಇವೆಲ್ಲ ಸಣ್ಣ ಖರ್ಚು. ಇವನ್ನು ನೋಡಿ ಹೆದರಬಾರದು. ಜೊತೆಗೆ ಹಳೆಯ ವಾಲ್ವ್ ಆಂಪ್ಲಿಫೈಯರು ಇದ್ದರೆ ಮಾತ್ರ ಹೆದರಬೇಕು. ಅರ್ಥಿಂಗ್ ಇಲ್ಲದ ಯಂತ್ರದಿಂದ ತಂತಿಯ ಮೂಲಕ ಕೈಗೆ ಶಾಕು ಬರಬಹುದು, ಪ್ಲಗ್ಗು ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ತಿಳಿದವರು ನೋಡುವ ತನಕ ಪ್ಲಗ್ಗಿಗೆ ಹಾಕಬೇಡಿ.

ನಮ್ಮೂರಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ನೀರು ಎಲ್ಲಿಯವರೆಗೆ ಬಂದಿತ್ತು? ೨೦೦೫ರ ಜುಲೈ ೨೬ರಂದು ಉಲ್ಹಾಸ ನದಿ ಮನೆಗಳಿಗೆ ನುಗ್ಗಿತು. ೨೦೧೯ರ ಜುಲೈ ೨೭ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸು ಬದಲಾಪುರ-ವಾಂಗಣಿ ನಡುವೆ ನೀರಲ್ಲಿ ನಿಂತಿತು. ಮುಳುಗಿದ ಗಿಟಾರಿನಲ್ಲಿ ಅಂಟು ಬಿಡುತ್ತದೆ, ಪ್ಲೈವುಡ್ ಮೈ ಪದರು ಪದರಾಗುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಹೊರಗೆ ಒರೆಸಿಟ್ಟರೂ ಒಳಗಿನ ಸ್ಕ್ರೂಗಳು ಸುಳ್ಳು ಹೇಳುವುದಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ಈ ವರ್ಷ, ನಮ್ಮ ಓಣಿಯ ಕಾಕು ಒಬ್ಬರ ಮನೆಯ ಗಿಟಾರಿನ ದೆಸೆಯಿಂದ. ಅವರ ಯಜಮಾನರು ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದರು. "ಅಟ್ಟದ ಮ್ಯಾಲಿತ್ತು, ನೀರು ಮುಟ್ಟಿಲ್ಲ. ಏನ್ ಕೊಡ್ತಿ ಕೊಡಪಾ, ನನಗೇನ್ ತಿಳೀತದ," ಅಂದರು. ತಲೆಯ ಮೇಲೆ ದೊಡ್ಡ ಅಮೆರಿಕದ ಹೆಸರು. ಒಳಗೆ ಅಂಕಿಯೂ ಇಲ್ಲ, ಗುರುತೂ ಇಲ್ಲ. ನಕಲು ಅನ್ನುವುದು ಖಚಿತ. ಆದರೆ ದಂಡಿ ನೇರ, ನಟ್ಟು ತಿರುಗುತ್ತದೆ, ಸ್ಕ್ರೂಗಳಿಗೆ ತುಕ್ಕಿಲ್ಲ. ಒಂದು ಪಿಕಪ್ಪು ೬.೮ ಕಿಲೋ-ಓಮ್ ತೋರಿಸಿತು, ಇನ್ನೊಂದು ಸತ್ತಿತ್ತು.

ಲೆಕ್ಕ ಹೀಗಾಯಿತು. ಪಿಕಪ್ಪು ಸುತ್ತಿಸಲು ೧,೫೦೦, ಮೆಟ್ಟುಗಳ ಕೆಲಸಕ್ಕೆ ೨,೫೦೦, ಕಂಟ್ರೋಲು-ಸ್ವಿಚ್ಚಿಗೆ ೬೦೦, ತಂತಿಗೆ ೫೦೦, ಒಟ್ಟು ೫,೧೦೦. ಕಾಣದ ಖರ್ಚಿಗೆಂದು ಇನ್ನೊಂದು ಸಾವಿರ. ಟ್ಯೂಶನ್ನಿನಿಂದ ನಾನು ಉಳಿಸಿದ್ದು ೧೧,೦೦೦. ಅಷ್ಟಕ್ಕೆ ಅಂಗಡಿಯಲ್ಲಿ ಸಾಧಾರಣ ಹೊಸ ಗಿಟಾರೇ ಬರುತ್ತದೆ. ಅಂದರೆ ಲಾಭಕ್ಕೆಂದು ಕೊಳ್ಳುವುದಾದರೆ ಇದು ಬೇಡ. ಮಾರಿದರೆ ಖರ್ಚು ಹುಟ್ಟದು. ಕೈಯಾರೆ ದುರಸ್ತಿ ಕಲಿತು ನುಡಿಸುವುದಾದರೆ ಬೇಕು.

ಬೆಲೆಯ ಮಾತು ಉಳಿಯಿತು. ಕಾಕು "ತಿಳೀತದೇನ್ ನನಗ" ಅಂದದ್ದೇ ತೊಡಕು. ಸಾವಿರ ಕೊಟ್ಟು ಎತ್ತಿಕೊಂಡು ಬಂದಿದ್ದರೂ ಅವರು ಬೇಡ ಅನ್ನುತ್ತಿರಲಿಲ್ಲ. ಅಸಲಿನ ಆಸೆಯಲ್ಲಿ ಅವರು ಕಾದಿದ್ದರೆ ಅದೂ ಸರಿಯಲ್ಲ. ಅದಕ್ಕೇ ಎದುರಿಗೆ ಕೂತು, ಯಾವುದು ನಕಲು, ಯಾವುದು ಸತ್ತಿದೆ, ಯಾವುದು ಗಟ್ಟಿ, ಖರ್ಚೆಷ್ಟು, ಎಲ್ಲ ಹಾಳೆಯ ಮೇಲೆ ಬರೆದು ಕೊಟ್ಟೆ. ಡೊಂಬಿವಲಿಯ ಅಳಿಯನಿಗೂ ತೋರಿಸಿ ಅಂದೆ. ಎರಡು ದಿನ ಬಿಟ್ಟು ೪,೦೦೦ಕ್ಕೆ ಒಪ್ಪಿದರು.

ನಿಮಗೂ ಇಂಥದ್ದೊಂದು ಕಣ್ಣಿಗೆ ಬಿದ್ದರೆ, ನೋಡಲು ಹೋಗುವಾಗ ಒಂದು ಮಲ್ಟಿಮೀಟರು, ಸಣ್ಣ ಸ್ಕ್ರೂಡ್ರೈವರು, ಟಾರ್ಚು, ಒಂದು ವಿಸಿಟಿಂಗ್ ಕಾರ್ಡು ಒಯ್ಯಿರಿ. ದುಡ್ಡನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಲೆಕ್ಕ ಬರೆದ ಮಾರನೆಯ ದಿನವೂ ಬೇಕು ಅನ್ನಿಸಿದರೆ ಕೊಳ್ಳಿ.