ಕುಂಡದಿಂದ ಇಳಿಬಿದ್ದ ಹಿಮಾಲಯದ ಬಳ್ಳಿ

ಹೋಯಾ ಲಿನಿಯಾರಿಸ್ ಗಿಡವನ್ನು ಮೊದಲ ಸಲ ಕಂಡವರು ಅದನ್ನು ಜರೀಗಿಡವೆಂದೋ ಪಾಚಿಯೆಂದೋ ತಿಳಿಯುವುದುಂಟು. ಕುಂಡದ ಅಂಚಿನಿಂದ ಹತ್ತಾರು ಎಳೆಗಳು ನೇರ ನೆಲದತ್ತ ಇಳಿದಿರುತ್ತವೆ. ಒಂದೂ ಮೇಲಕ್ಕೆ ತಿರುಗದು, ಯಾವ ಆಸರೆಯನ್ನೂ ಸುತ್ತದು. ಎಲೆಗಳು ಸಪೂರ, ಒಂದೆರಡು ಇಂಚು ಉದ್ದ, ಮೈತುಂಬ ಮೃದುವಾದ ರೋಮ. ಚೆನ್ನಾಗಿ ಬೆಳೆದ ಗಿಡ ಕಿಟಕಿಯ ಬಳಿ ಜೋತುಬಿದ್ದರೆ, ಎರೆದುಕೊಂಡು ಆರಲು ಬಿಟ್ಟ ಕೂದಲಿನ ಹಾಗೆ ಕಾಣುತ್ತದೆ. ಆ ಎಳೆಗಳ ತುದಿಯಲ್ಲಿ ನಕ್ಷತ್ರದಾಕಾರದ ಬಿಳಿ ಹೂಗಳ ಗೊಂಚಲು, ಅದಕ್ಕೆ ನಿಂಬೆಯನ್ನು ಹೋಲುವ ತೆಳುಗಂಪು.

ಮನೆಯೊಳಗೆ ಗಿಡ ಬೆಳೆಸುವವರ ನಡುವೆ ಈ ಬಳ್ಳಿಗೆ ದೊಡ್ಡ ಹೆಸರಿದೆ. ಮನಿಪ್ಲಾಂಟಿನಂತೆ ಎಲ್ಲ ನರ್ಸರಿಯಲ್ಲೂ ಸಿಗುವುದಿಲ್ಲ, ಸಿಕ್ಕರೂ ಎಲ್ಲರ ಕೈಯಲ್ಲಿ ಉಳಿಯುವುದಿಲ್ಲ. ಸಾಯುವುದಕ್ಕೆ ಬಹುಮಟ್ಟಿಗೆ ಒಂದೇ ಕಾರಣ: ಇದು ಮಣ್ಣಿನ ಗಿಡವಲ್ಲ, ಮರದ ಮೇಲಿನ ಗಿಡ. ಇದನ್ನು ತಿಳಿದವರಿಗೆ ಕುಂಡ, ನೀರು, ಬೆಳಕು, ತೂಗುಹಾಕುವ ಜಾಗ ಎಲ್ಲವೂ ತಾವಾಗಿಯೇ ಹೊಳೆಯುತ್ತವೆ.

ಲಿನಿಯಾರಿಸ್‌ನ ತವರು ಹಿಮಾಲಯದ ತಪ್ಪಲು. ನೇಪಾಳ, ಸಿಕ್ಕಿಂ, ಭೂತಾನ್, ಅಲ್ಲಿಂದ ಚೀನಾದ ಯುನ್ನಾನ್‌ವರೆಗೆ, ಮಂಜು ಮುಸುಕುವ ಕಾಡುಗಳ ಮರಗಳ ಮೇಲೆ ಇದು ಬೆಳೆಯುತ್ತದೆ. ಕೊಂಬೆಯ ಸಂದಿನಲ್ಲಿ ಕೊಳೆತ ತೊಗಟೆ, ಒಂದಿಷ್ಟು ಪಾಚಿ ಇದ್ದರೆ ಅದಕ್ಕೆ ಸಾಕು. ಮರದ ರಸವನ್ನು ಹೀರುವುದಿಲ್ಲ, ಆಸರೆ ಮಾತ್ರ ಪಡೆಯುತ್ತದೆ. ಇದಕ್ಕೆ ಶಾಸ್ತ್ರೀಯ ಹೆಸರು ಬಿದ್ದದ್ದು 1825ರಲ್ಲಿ, ಡೇವಿಡ್ ಡಾನ್ ಪ್ರಕಟಿಸಿದ ನೇಪಾಳದ ಸಸ್ಯಗಳ ಗ್ರಂಥದಲ್ಲಿ. ಕಲ್ಕತ್ತಾದ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ನಥಾನಿಯಲ್ ವಾಲಿಚ್ ಕಳಿಸಿದ ಸಸ್ಯಗಳು ಆ ಗ್ರಂಥದ ಒಂದು ಆಧಾರ. ಇನ್ನೊಂದು ಆಧಾರ ಕನ್ನಡಿಗರಿಗೆ ಪರಿಚಿತನಾದ ವ್ಯಕ್ತಿಯದು. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬೆಳೆ, ಕಸುಬು, ಜನಜೀವನಗಳನ್ನೆಲ್ಲ ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಮರುವರ್ಷವೇ ನೇಪಾಳಕ್ಕೆ ಹೋಗಿದ್ದ. ಅವನು 1802–03ರಲ್ಲಿ ಅಲ್ಲಿ ಕೂಡಿಹಾಕಿದ ಸಸ್ಯಗಳೂ ಡಾನ್‌ನ ಕೈ ಸೇರಿದ್ದವು.

ಹೋಯಾ ಕುಲದಲ್ಲಿ ಇಂದು ಐನೂರಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಲಾಗಿದೆ. ಭಾರತದಿಂದ ಆಗ್ನೇಯ ಏಷ್ಯಾದ ದ್ವೀಪಗಳನ್ನು ಹಾದು ಆಸ್ಟ್ರೇಲಿಯಾದವರೆಗೆ ಅದರ ಹರವು. 1810ರಲ್ಲಿ ಈ ಕುಲವನ್ನು ಸ್ಥಾಪಿಸಿದ ರಾಬರ್ಟ್ ಬ್ರೌನ್, ಲಂಡನ್ನಿನ ಸಿಯಾನ್ ಹೌಸ್ ತೋಟವನ್ನು ನೋಡಿಕೊಳ್ಳುತ್ತಿದ್ದ ತೋಟಗಾರ ಥಾಮಸ್ ಹಾಯ್ ಹೆಸರನ್ನು ಅದಕ್ಕಿಟ್ಟ. ದೊರೆಗಳ, ಗವರ್ನರ್‌ಗಳ ಹೆಸರು ಗಿಡಗಳಿಗೆ ಮೆತ್ತಿಕೊಳ್ಳುತ್ತಿದ್ದ ಕಾಲದಲ್ಲಿ ಕೈ ಮಣ್ಣು ಮಾಡಿಕೊಂಡ ತೋಟಗಾರನಿಗೆ ಸಂದ ಈ ಗೌರವ ದೊಡ್ಡದು.

ಸಸ್ಯಲೋಕದಲ್ಲಿ ಹೋಯಾದ ದಾಯಾದಿ ನಮ್ಮ ಊರೂರಿನ ಎಕ್ಕದ ಗಿಡ. ಮುರಿದರೆ ಒಸರುವ ಬಿಳಿ ಹಾಲು, ದಪ್ಪನೆಯ ಮೇಣದಂಥ ಹೂ, ನಡುವೆ ಕಿರೀಟ, ಕಾಯಿ ಒಡೆದಾಗ ಗಾಳಿಗೆ ಹಾರುವ ರೇಷ್ಮೆಗೂದಲಿನ ಬೀಜ, ಇವೆಲ್ಲ ಎರಡಕ್ಕೂ ಸಮಾನ. ಪರಾಗವೂ ಪುಡಿಯಲ್ಲ, ಜೋಡಿ ಗಂಟುಗಳಾಗಿ ಕೀಟದ ಮೈಗೆ ಸಿಕ್ಕಿಕೊಂಡು ಸಾಗುತ್ತದೆ. ಜಪಾನಿನ ಅಮಾಮಿ ದ್ವೀಪದಲ್ಲಿ ಹೋಯಾ ಕಾರ್ನೋಸಾ ಜಾತಿಯನ್ನು ಗಮನಿಸಿದ ಸಂಶೋಧಕರು, ರಾತ್ರಿ ಬರುವ ದೊಡ್ಡ ಪತಂಗಗಳ ಕಾಲಿಗೆ ಈ ಗಂಟುಗಳು ಅಂಟಿಕೊಳ್ಳುವುದನ್ನು 2017ರಲ್ಲಿ ವರದಿ ಮಾಡಿದರು. ಅನೇಕ ಹೋಯಾಗಳು ಸಂಜೆ ಕವಿದ ಮೇಲೆಯೇ ಘಮಘಮಿಸುತ್ತವೆ ಎಂಬುದು ಇವನ್ನು ಮನೆಯಲ್ಲಿ ಬೆಳೆಸುವವರ ಅನುಭವವೂ ಹೌದು.

ಹಿಮಾಲಯದವರೆಗೆ ಹೋಗಬೇಕಾಗಿಯೂ ಇಲ್ಲ. ಪಶ್ಚಿಮ ಘಟ್ಟದಲ್ಲೇ ಹೋಯಾಗಳಿವೆ. ಅವುಗಳಲ್ಲಿ ಇಳಿಬೀಳುವ ಸೊಗಸಿಗೆ ಹೆಸರಾದದ್ದು ಹೋಯಾ ರೆಟ್ಯೂಸಾ. ಮುಂಬಯಿ ಪ್ರಾಂತದ ಸಸ್ಯಗಳ ಬಗ್ಗೆ ಮುಂದೆ ಗ್ರಂಥ ಬರೆದ ಎನ್.ಎ. ಡಾಲ್ಜೆಲ್ 1852ರಲ್ಲಿ ಇದನ್ನು ವಿವರಿಸಿದ. ಹುಲ್ಲಿನೆಸಳಿನಂಥ ಎಲೆ, ತುದಿ ಮಾತ್ರ ಕತ್ತರಿಸಿದಂತೆ ಮೊಂಡು. ಹೆಚ್ಚಿನ ಹೋಯಾಗಳಂತೆ ಗೊಂಚಲು ಹೂ ಬಿಡದೆ ಒಂದೊಂದಾಗಿ, ಹೆಚ್ಚೆಂದರೆ ಎರಡು ಮೂರಾಗಿ ಅರಳುತ್ತದೆ: ಬಿಳಿಯ ದಳ, ನಡುವೆ ಕೆನ್ನೇರಳೆ ಛಾಯೆಯ ಕಿರೀಟ. ಘಟ್ಟದ ಇನ್ನೊಂದು ಜಾತಿ ಹೋಯಾ ಪೌಸಿಫ್ಲೋರಾ, ಶ್ರೀಲಂಕಾದಲ್ಲೂ ಉಂಟು. ಅದನ್ನು ಹೆಸರಿಸಿದವನು ಮದ್ರಾಸಿನಲ್ಲಿ ವೈದ್ಯನಾಗಿದ್ದ ರಾಬರ್ಟ್ ವೈಟ್. ಘಟ್ಟದ ಹೋಯಾ ವೈಟಿಯೈಗೆ ಅವನದೇ ಹೆಸರು. ವೈಟ್‌ನ ಗ್ರಂಥಗಳ ಬೆನ್ನೆಲುಬು ಅವುಗಳ ಚಿತ್ರಗಳು. ಅವನಿಗಾಗಿ ಬರೆದವರು ರಂಗಯ್ಯ ಮತ್ತು ಗೋವಿಂದು ಎಂಬ ದಕ್ಷಿಣ ಭಾರತದ ಕಲಾವಿದರು. ಇಷ್ಟೆಲ್ಲ ಇದ್ದೂ ಬೆಂಗಳೂರಿನ ಮಾರುಕಟ್ಟೆಯಲ್ಲಿ ಥಾಯ್ಲೆಂಡಿನಿಂದ ಬಂದ ಹೋಯಾಗಳ ಹೆಸರು ಕೇಳಿಬರುವಷ್ಟು ನಮ್ಮ ಘಟ್ಟದ ಹೋಯಾಗಳ ಹೆಸರು ಕೇಳಿಬರುವುದಿಲ್ಲ. ಇದು ಬೇಸರದ ಸಂಗತಿ.

ಇನ್ನು ಬೆಳೆಸುವ ಮಾತು.

ಮೊದಲನೆಯದು ಕುಂಡದೊಳಗಿನ ಮಿಶ್ರಣ. ಕೆಂಪು ಮಣ್ಣು, ಗೊಬ್ಬರ ತುಂಬಿದ ಕುಂಡದಲ್ಲಿ ಹೋಯಾದ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಅದಕ್ಕೆ ಬೇಕಾದ್ದು ಸಂದು ಸಂದಿನಲ್ಲಿ ಗಾಳಿಯಾಡುವ ಒರಟು ಮಿಶ್ರಣ. ಕರ್ನಾಟಕದಲ್ಲಿ ಇದಕ್ಕೆ ಕೊರತೆಯಿಲ್ಲ. ಚಿಕ್ಕದಾಗಿ ಕತ್ತರಿಸಿದ ತೆಂಗಿನ ಸಿಪ್ಪೆ, ಇದ್ದಿಲ ಚೂರು, ಒಂದಿಷ್ಟು ಪರ್ಲೈಟ್, ಸ್ವಲ್ಪ ಎರೆಗೊಬ್ಬರ ಸೇರಿಸಿದರೆ ಮುಗಿಯಿತು. ಸಿಪ್ಪೆಯನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಹಾಕಿ ಬಸಿದು, ಅದರಲ್ಲಿನ ಉಪ್ಪನ್ನೂ ಕಂದು ರಸವನ್ನೂ ತೆಗೆಯಬೇಕು. ನರ್ಸರಿಯಿಂದ ತಂದ ಗಿಡದ ಬೇರಿನ ಸುತ್ತ ಜೇಡಿಮಣ್ಣೋ ನುಣ್ಣನೆಯ ಕೋಕೋಪೀಟೋ ಗಟ್ಟಿಯಾಗಿ ಕೂತಿದ್ದರೆ ಅದನ್ನು ಮೆಲ್ಲಗೆ ಬಿಡಿಸಿ ಹೊಸ ಮಿಶ್ರಣಕ್ಕೆ ಬದಲಿಸುವುದು ಒಳ್ಳೆಯದು. ಕುಂಡ ಚಿಕ್ಕದಿರಲಿ. ಬೇರು ತುಸು ಇಕ್ಕಟ್ಟಾಗಿದ್ದರೂ ಹೋಯಾ ಸೊರಗುವುದಿಲ್ಲ. ದೊಡ್ಡ ಕುಂಡದಲ್ಲಿ ನಿಲ್ಲುವ ತೇವವೇ ಅದಕ್ಕೆ ಅಪಾಯ.

ನೀರಿಗೆ ವಾರದ ಲೆಕ್ಕ ಹಾಕಬಾರದು. ದಪ್ಪ ಎಲೆಯ ಹೋಯಾಗಳು ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತವೆ. ಎಲೆಯನ್ನು ಮೆಲ್ಲಗೆ ಮಡಿಸಿ ನೋಡಿ: ಬಿಗಿಯಾಗಿದ್ದರೆ ನೀರು ಬೇಡ, ಸುಲಭವಾಗಿ ಬಾಗಿದರೆ ಬೇಕು. ಹೋಯಾ ಕಾರ್ನೋಸಾ ಹಗಲಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರುತ್ತದೆಂಬುದು ಪ್ರಯೋಗಗಳಿಂದ ಖಚಿತವಾಗಿದೆ. ಕಳ್ಳಿ, ಅನಾನಸ್ ಬಳಸುವ ಉಪಾಯವೇ ಇದು. ಮಳೆಯೂರಿನ ಗಿಡಕ್ಕೆ ಇದೇಕೆ ಎಂದರೆ, ಮಳೆ ನಿಂತರೆ ಮರದ ತೊಗಟೆ ಬೇಗ ಒಣಗುತ್ತದೆ, ಅಲ್ಲಿನ ಬದುಕು ಒಂದು ಬಗೆಯ ಬರಗಾಲದ ಬದುಕೇ. ಲಿನಿಯಾರಿಸ್‌ನ ಎಲೆ ಮಾತ್ರ ಸಪೂರ, ಅದರ ಸಂಗ್ರಹ ಕಡಿಮೆ. ಹಾಗಾಗಿ ಅದು ಪೂರ್ತಿ ಒಣಗುವವರೆಗೆ ಕಾಯಬಾರದು. ಬೋರ್‌ವೆಲ್ಲಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಮೇಲು.

ಬೆಳಕಿಗೆ ಪೂರ್ವದ ಕಿಟಕಿ ಶ್ರೇಷ್ಠ. ಎಳೆಬಿಸಿಲು ಬಿದ್ದರೆ ಹೂವಿಗೆ ಅನುಕೂಲ, ಮಧ್ಯಾಹ್ನದ ಬಿಸಿಲು ಎಲೆ ಸುಡುತ್ತದೆ. ಹವೆಯ ವಿಷಯದಲ್ಲಿ ಲಿನಿಯಾರಿಸ್ ಹಟಮಾರಿ, ಅದಕ್ಕೆ ತಂಪು ಬೇಕು. ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಮನೆಗಳಿಗೆ ಹೇಳಿ ಮಾಡಿಸಿದ ಗಿಡ. ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ನೆರಳು, ಗಾಳಿ, ತೇವ ಮೂರನ್ನೂ ಒದಗಿಸಿದರೆ ದಾಟುತ್ತದೆ. ಕಲಬುರಗಿ, ಬಳ್ಳಾರಿಯ ಬೇಸಿಗೆಗೆ ಅದನ್ನು ಒಡ್ಡುವುದು ಹಿಂಸೆ. ಅಲ್ಲಿಯವರು ಕಾರ್ನೋಸಾದಂಥ ದಪ್ಪ ಎಲೆಯ ಜಾತಿಗಳಿಂದ ಶುರುಮಾಡುವುದು ಕ್ಷೇಮ.

ಕೀಟಗಳಲ್ಲಿ ಮುಖ್ಯ ಶತ್ರು ಹಿಟ್ಟು ತಿಗಣೆ. ಗೆಣ್ಣಿನ ಸಂದಿನಲ್ಲಿ ಹತ್ತಿಯ ಹಾಗೆ ಕೂರುತ್ತದೆ. ಎಕ್ಕ, ಕಣಗಿಲೆಗಳ ಕುಡಿಗೆ ಮುತ್ತುವ ಹಳದಿ ಹೇನು ಹೋಯಾಕ್ಕೂ ಬರುತ್ತದೆ, ನೆಂಟಸ್ತನದ ಫಲ. ಬೇವಿನೆಣ್ಣೆಗೆ ತುಸು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಲಿನಿಯಾರಿಸ್‌ನ ರೋಮದ ಎಲೆಗೆ ದ್ರಾವಣ ತೆಳುವಾಗಿರಲಿ.

ತೂಗುಹಾಕುವುದರಲ್ಲೇ ಅರ್ಧ ಕಲೆ ಇದೆ. ಇಳಿಬೀಳುವ ಹೋಯಾಗಳ ಹೂ ನೆಲ ನೋಡುತ್ತದೆ, ಆದ್ದರಿಂದ ನೋಡುವವರ ಕಣ್ಣು ಹೂವಿಗಿಂತ ಕೆಳಗಿರಬೇಕು. 1848ರಲ್ಲಿ ಇಂಗ್ಲೆಂಡಿನ ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾದ ಹೋಯಾ ಬೆಲ್ಲಾ ಬರ್ಮಾದ ಪುಟ್ಟ ಬಳ್ಳಿ. ಅದರ ಹೂವಿನ ನೇರಳೆ ಕಿರೀಟ ಕಾಣುವುದು ಕೆಳಗಿನಿಂದಲೇ. ಮೇಜಿನ ಮೇಲಿಟ್ಟರೆ ಹೂವಿನ ಬೆನ್ನು ಮಾತ್ರ ಕಾಣುತ್ತದೆ. ಕಿಟಕಿಯ ಚೌಕಟ್ಟಿನ ಮೇಲ್ಭಾಗ, ಜಗಲಿಯ ಜಂತೆ, ತೊಟ್ಟಿಮನೆಯ ಅಂಚು ಇದಕ್ಕೆ ಸೂಕ್ತ. ಫ್ಯಾನಿನ ಗಾಳಿ ನೇರ ಹೊಡೆಯದಿರಲಿ. ಕಾರ್ನೋಸಾ ಹೂ ಮಕರಂದವನ್ನು ತೊಟ್ಟಿಕ್ಕುವುದರಿಂದ ಅದು ಸೋಫಾದ ಮೇಲೆ, ಪುಸ್ತಕದ ಕಪಾಟಿನ ಮೇಲೆ ಬೇಡ. ಹೂ ಉದುರಿದ ಮೇಲೆ ಉಳಿಯುವ ಅದರ ಗಿಡ್ಡ ತೊಟ್ಟನ್ನು ಅಂದಕ್ಕಾಗಿ ಕತ್ತರಿಸಲೇಬಾರದು. ಮುಂದಿನ ಹೂ ಬರುವುದೂ ಅದೇ ತೊಟ್ಟಿನಿಂದ.

ಈ ಗಿಡಗಳ ಬಗ್ಗೆ ಹಬ್ಬಿದ ಒಂದು ನಂಬಿಕೆಯನ್ನು ತಿದ್ದಬೇಕಿದೆ. 2009ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಗಾಜಿನ ಪಾತ್ರೆಯೊಳಗೆ ನಡೆಸಿದ ಪ್ರಯೋಗದಲ್ಲಿ ಹೋಯಾ ಕಾರ್ನೋಸಾ ವಿಷಾನಿಲಗಳನ್ನು ಚೆನ್ನಾಗಿ ಹೀರಿತು. ಅಲ್ಲಿಂದ ಅದು ‘ಗಾಳಿ ಶುದ್ಧಿಯ ಗಿಡ’ ಎಂಬ ಚೀಟಿಯೊಂದಿಗೆ ಮಾರಾಟವಾಗತೊಡಗಿತು. ಆದರೆ ಇಂಥ ಪ್ರಯೋಗಗಳನ್ನೆಲ್ಲ ಪರಾಮರ್ಶಿಸಿ 2019ರಲ್ಲಿ ಬಂದ ಅಧ್ಯಯನ, ನಿಜವಾದ ಕೋಣೆಯ ಗಾಳಿಯನ್ನು ಶುಚಿ ಮಾಡಲು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕಾಗುತ್ತವೆಂದು ಲೆಕ್ಕ ಹಾಕಿತು. ಕಿಟಕಿ ತೆರೆಯುವುದೇ ಅದಕ್ಕಿಂತ ಮೇಲು. ಹೋಯಾವನ್ನು ಅದರ ಚೆಲುವಿಗಾಗಿ ಬೆಳೆಸಿದರೆ ಸಾಕು.

ಪ್ರೇಮಿಗಳ ದಿನದ ಹೊತ್ತಿಗೆ ಹೃದಯಾಕಾರದ ಒಂಟಿ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಾರುತ್ತಾರೆ. ಅದು ಹೋಯಾ ಕೆರಿಯೈ. ಗೆಣ್ಣಿಲ್ಲದೆ ಕಿತ್ತ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿರುತ್ತದೆ, ಬಳ್ಳಿಯಾಗುವುದಿಲ್ಲ. ಬಳ್ಳಿ ಬೇಕಿದ್ದವರು ಕನಿಷ್ಠ ಎರಡು ಗೆಣ್ಣಿರುವ ತುಂಡನ್ನು ಕೇಳಿ ಪಡೆಯಬೇಕು. ಹಾಲು ಒಸರುವುದು ನಿಂತ ಮೇಲೆ ಒಂದು ಗೆಣ್ಣನ್ನು ಒದ್ದೆ ಪಾಚಿಯಲ್ಲಿ ಹುದುಗಿಸಿ ನೆರಳಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರು ಬರುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯುವುದು ಸಾಮಾನ್ಯ.

ಗಿಡ ಅಪರೂಪವಾದಷ್ಟೂ ಅದನ್ನು ಕಾಡಿನಿಂದ ಕಿತ್ತು ತರುವ ಆಸೆಯೂ ಬೆಳೆಯುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಗಿಡ ತೆಗೆಯುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹೊರದೇಶದಿಂದ ತರಿಸುವುದಕ್ಕೂ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಚೀಟಿಯಿಲ್ಲದ ಪೊಟ್ಟಣದಲ್ಲಿ ಬಂದ ಗಿಡದೊಂದಿಗೆ ಹೊಸ ಕೀಟವೂ ಬರಬಹುದು. ಆದ್ದರಿಂದ ಚಾರಣಕ್ಕೆ ಹೋದಾಗ ಘಟ್ಟದ ಮರದಲ್ಲಿ ಹೋಯಾ ಜೋತಾಡುವುದು ಕಂಡರೆ ಫೋಟೊ ತೆಗೆದು ಅಲ್ಲೇ ಬಿಟ್ಟು ಬನ್ನಿ. ಮನೆಗೆ ಬೇಕಿದ್ದರೆ, ತಾನೇ ತುಂಡಿನಿಂದ ಬೆಳೆಸಿ ಮಾರುವ ನರ್ಸರಿಯವರನ್ನು ಹುಡುಕಿ, ಇಲ್ಲವೇ ಈಗಾಗಲೇ ಬೆಳೆಸಿರುವ ಪರಿಚಿತರನ್ನು ಒಂದು ಕುಡಿ ಕೇಳಿ.