ಬಿಸಿಲಿನಿಂದ ಬೆಸುಗೆ

ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪಿನ ತಗಡಿನ ಮಾಡು ದಿನವಿಡೀ ಬಿಸಿಲಿಗೆ ಕಾಯುತ್ತದೆ. ಅದರ ಕೆಳಗೆ ಕರೆಂಟು ಹೋದರೆ ಕೆಲಸ ನಿಲ್ಲುತ್ತದೆ, ಇಲ್ಲವೇ ಡೀಸೆಲ್ ಜನರೇಟರ್ ಹೊಗೆಯುಗುಳುತ್ತದೆ. ಮೇಲಿನ ಬಿಸಿಲಿನಿಂದಲೇ ಕೆಳಗೆ ವೆಲ್ಡಿಂಗ್ ಮಾಡಬಹುದೇ? ಖಂಡಿತ ಮಾಡಬಹುದು. ಆದರೆ ಸೋಲಾರ್ ಫಲಕದ ವೈರನ್ನು ಸೀದಾ ವೆಲ್ಡಿಂಗ್ ಮೆಷಿನ್ನಿಗೆ ಕೊಟ್ಟರೆ ಕೆಲಸ ಆಗದು.

ವೆಲ್ಡಿಂಗ್ ರಾಡಿನ ತುದಿ ಕಬ್ಬಿಣಕ್ಕೆ ತಾಗಿದ ಕ್ಷಣ ಅಲ್ಲಾಗುವುದು ಶಾರ್ಟ್ ಸರ್ಕ್ಯೂಟ್. ರಾಡನ್ನು ಕೂದಲೆಳೆಯಷ್ಟು ಎತ್ತಿದರೆ ನಡುವಿನ ಅನಿಲವೇ ವಿದ್ಯುತ್ತಿಗೆ ದಾರಿಯಾಗಿ ಆರ್ಕ್ ಹೊತ್ತಿಕೊಳ್ಳುತ್ತದೆ. ಆ ಕ್ಷಣ ಕರೆಂಟು ಸಾಲದಿದ್ದರೆ ರಾಡು ಅಲ್ಲೇ ಅಂಟಿಕೊಳ್ಳುತ್ತದೆ. 3.15 ಮಿ.ಮೀ. ರಾಡಿಗೆ ಸುಮಾರು 110 ಆಂಪಿಯರ್, 24 ವೋಲ್ಟ್ ಬೇಕು. ಮೆಷಿನ್ನಿನ ನಷ್ಟವೂ ಸೇರಿದರೆ ಇದು 3 ಕಿಲೋವ್ಯಾಟ್ ದಾಟುತ್ತದೆ.

ಕೇಳಲು ಇದು ದೊಡ್ಡ ಲೆಕ್ಕ. ಆದರೆ ಒಂದು ರಾಡು ಉರಿದು ಮುಗಿಯುವುದು ಒಂದು ನಿಮಿಷದ ಆಸುಪಾಸಿನಲ್ಲಿ. ಆಮೇಲೆ ಸ್ಲ್ಯಾಗ್ ಕುಟ್ಟಿ ತೆಗೆಯಬೇಕು, ಮಟ್ಟ ನೋಡಬೇಕು, ಮುಂದಿನ ಪೈಪು ಕತ್ತರಿಸಬೇಕು. ಹಾಗಾಗಿ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಹದಿನೈದಕ್ಕೂ ಹೆಚ್ಚು ರಾಡು ಸುಡಬಹುದು. ನೂರು ರಾಡಿಗೆ ಆರೇಳು ಯೂನಿಟ್ ಸಾಕು. ನಮ್ಮ ಬಯಲುಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುವುದರಿಂದ, ಬರೀ ಲೆಕ್ಕದಲ್ಲಿ 2 ಕಿಲೋವ್ಯಾಟ್ ಫಲಕವೇ ಸಾಕು.

ತೊಡಕಿರುವುದು ದಿನದ ಮೊತ್ತದಲ್ಲಲ್ಲ, ಆ ಕ್ಷಣದ ಎಳೆತದಲ್ಲಿ. 13 ಆಂಪಿಯರ್ ಕೊಡುವ ಫಲಕದ ಎರಡೂ ತುದಿಗಳನ್ನು ನೇರ ಜೋಡಿಸಿದರೂ 14ರ ಆಚೆ ಹೋಗದು. ಎಷ್ಟು ಬಿಸಿಲೋ ಅಷ್ಟೇ ಕರೆಂಟು. ಮೋಡ ಬಂದರೆ ಅದೂ ಇಲ್ಲ. ಕಡಿಮೆ ನೀರಿನ ಬೋರ್‌ವೆಲ್ ಇರುವ ರೈತ ನೀರನ್ನು ಮೊದಲು ತೊಟ್ಟಿಗೆ ಬಿಟ್ಟು, ತುಂಬಿದ ಮೇಲೆ ಒಮ್ಮೆಲೇ ತೋಟಕ್ಕೆ ಹಾಯಿಸುವುದಿಲ್ಲವೇ? ಇಲ್ಲಿ ಬ್ಯಾಟರಿಯೇ ಆ ತೊಟ್ಟಿ. ಒಳಗಿನ ರೋಧ ತೀರಾ ಕಡಿಮೆಯಿರುವ ಅದು, ಬೇಕೆಂದಾಗ ದೊಡ್ಡ ಕರೆಂಟು ಕೊಡಬಲ್ಲದು.

ಬ್ಯಾಟರಿಗೂ ವೆಲ್ಡಿಂಗಿಗೂ ನಂಟು ಹಳೆಯದು. 1881ರಲ್ಲಿ ಫ್ರಾನ್ಸಿನ ಆಗಸ್ಟ್ ದ ಮೆರಿಟೆನ್ಸ್ ಆರ್ಕ್‌ನ ಶಾಖದಿಂದ ಬೆಸೆದದ್ದು ಬ್ಯಾಟರಿಯ ಸೀಸದ ಫಲಕಗಳನ್ನೇ. ಮುಂದೆ ನಿಕೊಲಾಯ್ ಬೆನಾರ್ದೋಸ್ ಇಂಗಾಲದ ಕಡ್ಡಿಯಿಂದ ಕಬ್ಬಿಣ ಬೆಸೆಯಲು ಬ್ಯಾಟರಿಗಳ ಸಾಲನ್ನೇ ನೆಚ್ಚಿಕೊಂಡಿದ್ದರು.

ಇಂದು ಬಿಸಿಲಿನ ವೆಲ್ಡಿಂಗ್ ಸಣ್ಣ ವರ್ಕ್‌ಶಾಪಿಗೂ ಎಟುಕಲು ಮುಖ್ಯ ಕಾರಣ ಇನ್ವರ್ಟರ್ ವೆಲ್ಡಿಂಗ್ ಮೆಷಿನ್. ಹಳೆಯ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ದುಡಿಯುತ್ತಿದ್ದುದರಿಂದ ಅದಕ್ಕೆ ರಾಶಿ ಕಬ್ಬಿಣ, ತಾಮ್ರ ಬೇಕಿತ್ತು. ಹೊಸದರಲ್ಲಿ ಐಜಿಬಿಟಿ ಎಂಬ ಸ್ವಿಚ್ಚುಗಳು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತವೆ. ಕಂಪನಾಂಕ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತದೆ. ಇಬ್ಬರು ಹೊರುತ್ತಿದ್ದ ಪೆಟ್ಟಿಗೆ ಈಗ ಹೆಗಲಿಗೆ ನೇತುಬೀಳುತ್ತದೆ. ವಿದ್ಯುತ್ತಿನ ಪೋಲೂ ತಗ್ಗಿದೆ.

48 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಸುಮಾರು 5 ಯೂನಿಟ್ ಹಿಡಿದಿಡುತ್ತದೆ. ಆ ಕರೆಂಟನ್ನು ವೆಲ್ಡಿಂಗ್ ಮೆಷಿನ್ನಿಗೆ ಒಗ್ಗಿಸಿ ಕೊಡುವ ಸೋಲಾರ್ ಇನ್ವರ್ಟರ್ 5 ಕಿಲೋವ್ಯಾಟಿನದಾದರೆ ರಾಡು ತಾಗಿಸಿದಾಗಿನ ಎಳೆತವನ್ನು ತಾಳಿಕೊಳ್ಳಲು ಆಸ್ಪದವಿರುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಮಾತ್ರ ಲೈನಿನ ಕರೆಂಟೂ ಕೈಗಿರಲಿ.

ಕರೆಂಟು ತಪ್ಪದೆ ಸಿಗುವ ಪೇಟೆಯಲ್ಲಾದರೆ ಬ್ಯಾಟರಿಯ ಖರ್ಚೇ ಬೇಡ. ಮಾಡಿನ ಫಲಕಗಳನ್ನು, ಲೈನಿಗೆ ಕೊಟ್ಟ ಕರೆಂಟನ್ನು ಲೆಕ್ಕದಲ್ಲಿ ಕಳೆಯುವ ನೆಟ್ ಮೀಟರಿಗೆ ಜೋಡಿಸಿದರೆ ಬಿಲ್ಲು ಇಳಿಯುತ್ತದೆ. ಕರೆಂಟು ಕೈಕೊಡುವ ಹಳ್ಳಿಯಲ್ಲಿ ಬ್ಯಾಟರಿಯೇ ಬಂಡವಾಳ. ಕೊಳ್ಳುವ ಮುನ್ನ ವಾರಕ್ಕೆ ಎಷ್ಟು ರಾಡು ಖರ್ಚಾಗುತ್ತದೆಂದು ಬರೆದಿಟ್ಟುಕೊಳ್ಳಿ. ಎಷ್ಟು ಫಲಕ, ಎಷ್ಟು ಬ್ಯಾಟರಿ ಬೇಕೆಂಬುದನ್ನು ಮಾರುವವರಿಗಿಂತ ಆ ಪಟ್ಟಿಯೇ ಸರಿಯಾಗಿ ಹೇಳುತ್ತದೆ.