140ಕ್ಕೆ ಎಷ್ಟು?

ಎಲ್ಲ ಪ್ರಶ್ನೆಗೂ ಕಣ್ಣುಮುಚ್ಚಿ 7 ಎಂದು ಗುರುತು ಹಾಕುತ್ತ ಹೋದ ವಿದ್ಯಾರ್ಥಿಗೆ ಬರುವ ಅಂಕ 140 ಅಲ್ಲ, 80. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್‌ರೆಜಾ ಹೊಜಾತ್ ಮತ್ತು ಸಂಗಡಿಗರು 2001ರ ಸುಮಾರಿಗೆ ರೂಪಿಸಿದ ಪ್ರಶ್ನಾವಳಿಯ ಜಾಣತನ ಇದು. ಅದರಲ್ಲಿ 20 ಹೇಳಿಕೆಗಳಿವೆ, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಅರ್ಧದಷ್ಟು ಹೇಳಿಕೆಗಳನ್ನು ಬೇಕೆಂದೇ ತಿರುಗಿಸಿ ಬರೆಯಲಾಗಿದೆ. ಅವುಗಳನ್ನು ಒಪ್ಪಿದಷ್ಟೂ ಅಂಕ ಇಳಿಯುತ್ತದೆ. ರೋಗಿಯ ನೋವನ್ನು ಅವನ ಜಾಗದಲ್ಲಿ ನಿಂತು ಅರಿಯುವ ಗುಣ, ಅಂದರೆ ಪರಾನುಭೂತಿ, ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಎಷ್ಟಿದೆ ಎಂದು ನೋಡಲು ಜಗತ್ತಿನ ಹಲವು ದೇಶಗಳಲ್ಲಿ ಇದೇ ಮಾಪಕ ಬಳಕೆಯಲ್ಲಿದೆ.

ಇಂಥ ಅಳತೆಯನ್ನು ಕುರಿತು ಯೋಚಿಸಲು ಮುದ್ದೇನಹಳ್ಳಿ ತಕ್ಕ ಜಾಗ. ನಂದಿಬೆಟ್ಟದ ಮಗ್ಗುಲಲ್ಲಿರುವ, 1861ರಲ್ಲಿ ವಿಶ್ವೇಶ್ವರಯ್ಯ ಹುಟ್ಟಿದ ಊರು ಎಂಬುದಷ್ಟೇ ಕಾರಣವಲ್ಲ. 2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯನ್ನು ಉದ್ಘಾಟಿಸಿದರು. ಓದಿಗೂ ಹಣವಿಲ್ಲ, ಚಿಕಿತ್ಸೆಗೂ ಹಣವಿಲ್ಲ ಎಂಬುದು ಅದರ ಘೋಷಣೆ. ಡಾಕ್ಟರಾಗುವುದೆಂದರೆ ಹೊಲ ಮಾರುವುದು ಎಂಬಂತಾಗಿರುವ ಕಾಲದಲ್ಲಿ, ಹಾಕಿದ ದುಡ್ಡನ್ನು ವಾಪಸು ಎತ್ತುವ ಚಿಂತೆಯಿಲ್ಲದ ಹುಡುಗರು ರೋಗಿಯನ್ನು ಬೇರೆ ಕಣ್ಣಿನಿಂದ ನೋಡಿಯಾರೇ? ಕೇಳಿ ನೋಡಬೇಕಾದ ಪ್ರಶ್ನೆ ಇದು. ಸಾಲವಿಲ್ಲದವನಿಗೆಲ್ಲ ಕರುಣೆ ತಾನಾಗಿ ಬರುತ್ತದೆಂದು ಮಾತ್ರ ನಾನು ನಂಬಲಾರೆ.

ಯಾಕೆಂದರೆ ಈ ಗುಣ ಸೋರಿಹೋಗುವುದು ದುಡ್ಡಿನ ತೂತಿನಿಂದ ಮಾತ್ರವಲ್ಲ. 2009ರಲ್ಲಿ ಹೊಜಾತ್ ತಂಡ ಪ್ರಕಟಿಸಿದ ಅಧ್ಯಯನ ವೈದ್ಯಕೀಯ ಶಿಕ್ಷಕರ ನಿದ್ದೆಗೆಡಿಸಿತು. ಮೊದಲೆರಡು ವರ್ಷ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದ ಅಂಕ ಮೂರನೇ ವರ್ಷದಲ್ಲಿ ಧುತ್ತನೆ ಇಳಿದಿತ್ತು. ಅಮೆರಿಕದಲ್ಲಿ ಮೂರನೇ ವರ್ಷವೆಂದರೆ ವಿದ್ಯಾರ್ಥಿ ಪುಸ್ತಕ ಬಿಟ್ಟು ವಾರ್ಡಿಗೆ ಬರುವ ಹೊತ್ತು. ರೋಗಿಯ ಹತ್ತಿರ ಬಂದಾಗಲೇ ರೋಗಿಯಿಂದ ದೂರವಾಗುವುದು! ನಿದ್ದೆಯಿಲ್ಲದ ಡ್ಯೂಟಿ, ಸೀನಿಯರ್‌ಗಳ ಗದರಿಕೆ, ಹೆಸರು ಹೋಗಿ 'ಹದಿನೇಳನೇ ಬೆಡ್ಡಿನ ಹೊಟ್ಟೆನೋವು' ಆಗುವ ಮನುಷ್ಯ. ಇವನ್ನೆಲ್ಲ ಯಾವ ಪಠ್ಯವೂ ಕಲಿಸುವುದಿಲ್ಲ, ಆದರೂ ಎಲ್ಲರೂ ಕಲಿಯುತ್ತಾರೆ. ಇಳಿಕೆಯೇನೂ ವಿಧಿಲಿಖಿತವಲ್ಲ. ಜಪಾನಿನ ಒಕಾಯಾಮಾದಲ್ಲಿ ಅದೇ ಮಾಪಕ ಹಿಡಿದು ನೋಡಿದಾಗ ವರ್ಷ ಕಳೆದಂತೆ ಅಂಕ ಏರಿತ್ತು.

ಇದೆಲ್ಲ ಒಳ್ಳೆಯ ನಡತೆಯ ಮಾತಾಯಿತು, ರೋಗ ವಾಸಿಯಾಗುವುದಕ್ಕೂ ಇದಕ್ಕೂ ಏನು ನಂಟು ಎನ್ನುವವರಿಗೆ ಇಟಲಿಯ ಪಾರ್ಮಾ ಉತ್ತರ ಕೊಟ್ಟಿದೆ. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 242 ವೈದ್ಯರು, ಅವರ ಕೈಕೆಳಗಿನ 20,961 ಸಕ್ಕರೆ ಕಾಯಿಲೆಯವರು. ಹೆಚ್ಚು ಅಂಕದ ವೈದ್ಯರ ರೋಗಿಗಳಲ್ಲಿ ಸಕ್ಕರೆ ಏರುಪೇರಾಗಿ ಆಸ್ಪತ್ರೆ ಸೇರುವಂಥ ತೊಡಕು ಸಾವಿರಕ್ಕೆ 4. ಕಡಿಮೆ ಅಂಕದವರ ರೋಗಿಗಳಲ್ಲಿ ಸಾವಿರಕ್ಕೆ 6.5. ಅಂಕವೇ ಕಾರಣವೆಂದು ಇದರಿಂದ ಸಾಬೀತಾಗದು, ನಿಜ. ಆದರೆ ಮಾತು ಕೇಳಿಸಿಕೊಳ್ಳುವ ಡಾಕ್ಟರಿಗೆ ರೋಗಿ ಮುಚ್ಚಿಟ್ಟಿದ್ದನ್ನೂ ಹೇಳುತ್ತಾನೆ, ಹೇಳಿದ ಮಾತ್ರೆಯನ್ನು ನುಂಗುತ್ತಾನೆ ಎಂದು ಊಹಿಸಲು ಸಂಶೋಧಕನೇ ಆಗಬೇಕಿಲ್ಲ.

ನಮ್ಮಲ್ಲಿ 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಗಳಿಗೆಂದೇ ಒಂದು ಪಾಠವಿದೆ. ಆಮೇಲೆ ಸೇರಿದ್ದು ಕುಟುಂಬ ದತ್ತು ಕಾರ್ಯಕ್ರಮ. ಮೊದಲ ವರ್ಷದಿಂದಲೇ ವಿದ್ಯಾರ್ಥಿ ಹಳ್ಳಿಯ ಕೆಲವು ಮನೆಗಳನ್ನು ತನ್ನವೆಂದುಕೊಂಡು ಹೋಗಿಬರಬೇಕು. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಈ ಹೋಗಿಬರುವಿಕೆ ಸಿಲಬಸ್ಸಿಗಿಂತ ದೊಡ್ಡ ಪಾಠ ಕಲಿಸಬಲ್ಲದು. ಶಿಡ್ಲಘಟ್ಟದ ಕಡೆ ರೀಲಿಂಗ್ ಘಟಕಗಳಲ್ಲಿ ಬಿಸಿನೀರಿನ ಬೇಸನ್ನಿನೊಳಗೆ ಕೈ ಅದ್ದಿ ರೇಷ್ಮೆ ಎಳೆ ತೆಗೆಯುವ ಹೆಂಗಸಿನ ಬೆರಳು ಬಿರಿದಿರುತ್ತದೆ. 'ಕೈಯನ್ನು ನೀರಿಗೆ ತಾಗಿಸಬೇಡಿ' ಎಂದು ಚೀಟಿಯಲ್ಲಿ ಬರೆದುಕೊಡುವುದು ಸುಲಭ. ಆ ಬೇಸನ್ನನ್ನು ಒಮ್ಮೆ ನೋಡಿದವನು ಹಾಗೆ ಬರೆಯಲಾರ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರಿಗೆ ಹಲ್ಲುಜ್ಜುವ ಉಪದೇಶವೂ ಅಷ್ಟೇ.

ಭಾಷೆಯ ತೊಡಕು ಬೇರೆ. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ವ್ಯವಹಾರ ಕನ್ನಡ. ಊರಿನ ಅಜ್ಜಿ ಹೊರಗಿನವರೊಂದಿಗೆ ಕನ್ನಡದಲ್ಲಿ ಶುರು ಮಾಡಿ, ನೋವು ಜಾಸ್ತಿಯಾದಾಗ 'ನೊಪ್ಪಿ' ಎಂದು ತೆಲುಗಿಗೆ ಇಳಿಯುತ್ತಾಳೆ. 'ಜೋಮು', 'ಸೆಳೆತ', 'ಎದೆ ಹಿಡಿದಂಗಾಯ್ತದೆ' ಇವುಗಳ ನಡುವಿನ ವ್ಯತ್ಯಾಸ ತಿಳಿಯದ ವಿದ್ಯಾರ್ಥಿಯ ಮನಸ್ಸು ಎಷ್ಟೇ ಮೆತ್ತಗಿದ್ದರೂ ಅಜ್ಜಿಗೆ ಅದರಿಂದ ಬಂದ ಭಾಗ್ಯವೇನು? ಜೆಫರ್ಸನ್ ಮಾಪಕದಲ್ಲಿ ಅವನಿಗೆ 130 ಬಂದರೂ ಬರಬಹುದು.

ಇಲ್ಲೇ ನನ್ನ ತಕರಾರು. ಆ ಹಾಳೆಯಲ್ಲಿ ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾನೆ. ಪ್ರವೇಶ ಪರೀಕ್ಷೆಯಲ್ಲಿ ಲಕ್ಷಗಟ್ಟಲೆ ಮಂದಿಯನ್ನು ಹಿಂದೆ ಹಾಕಿ ಬಂದವನಿಗೆ ಮೇಷ್ಟ್ರು ಬಯಸುವ ಉತ್ತರ ಯಾವುದೆಂದು ಗೊತ್ತಾಗದೇ? ಅಧ್ಯಾಪಕರು ತಮ್ಮ ಪಾಠ ಹಿಡಿಯಿತೇ ಎಂದು ನೋಡಿಕೊಳ್ಳಲು ಅದು ಸಾಕು, ಒಬ್ಬನನ್ನು ತೂಗಲು ಸಾಲದು. ಅದಕ್ಕೆ ರೋಗಿಯನ್ನೇ ಕೇಳಬೇಕು. ಗ್ಲಾಸ್ಗೋದ ಸ್ಟೀವರ್ಟ್ ಮರ್ಸರ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ 'ಕೇರ್' ಮಾಪಕ ಹಾಗೆ ಕೇಳುತ್ತದೆ: ಪೂರ್ತಿ ಹೇಳಲು ಬಿಟ್ಟರೇ, ವಿವರಿಸಿದರೇ ಎಂಬಂಥ 10 ಪ್ರಶ್ನೆ, 50 ಅಂಕ.

ಆದರೆ ದುಡ್ಡು ಕೇಳದ ಆಸ್ಪತ್ರೆಯಲ್ಲಿ ಇದಕ್ಕೂ ಒಂದು ಪೇಚು ಇದೆ. ಪುಕ್ಕಟೆ ಆಪರೇಶನ್ ಮಾಡಿಸಿಕೊಂಡು ಹೊರಟ ರೈತ ಡಾಕ್ಟರಿಗೆ ಅಂಕ ಕಡಿಮೆ ಕೊಟ್ಟಾನೆಯೇ? 'ದೇವರಂಥವರು ಸಾಮಿ' ಎಂದು 50ಕ್ಕೆ 50 ಹಾಕಿಸಿ ಕೈ ಮುಗಿಯುತ್ತಾನೆ. ಋಣದ ಭಾರದಲ್ಲಿ ಕೊಟ್ಟ ಅಂಕವನ್ನು ನೆಚ್ಚುವಂತಿಲ್ಲ. ಅದರ ಬದಲು ಬಿಳಿ ಕೋಟು ಹಾಕದ ಯಾರಾದರೂ, ಅಜ್ಜಿಯ ಮನೆಮಾತಿನಲ್ಲೇ, ಆಸ್ಪತ್ರೆಯ ಗೇಟಿನಾಚೆ ಕೇಳಬೇಕು. ಡಾಕ್ಟರು ಒಳ್ಳೆಯವರೇ ಎಂದಲ್ಲ. ನಿನಗೇನಾಗಿದೆಯಂತೆ, ಈ ಬಿಳಿ ಮಾತ್ರೆ ಯಾವ ಹೊತ್ತಿಗೆ, ನೀನು ಕೇಳಬೇಕೆಂದುಕೊಂಡು ಕೇಳದೆ ಬಂದದ್ದೇನಾದರೂ ಇದೆಯೇ ಎಂದು. ಅಂಥ ನೂರು ಉತ್ತರಗಳನ್ನು ಆ ವರ್ಷದ ವಿದ್ಯಾರ್ಥಿಗಳ 140ರ ಹಾಳೆಗಳ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಮುದ್ದೇನಹಳ್ಳಿ ಮಾಡಬಹುದು, ಚಿಕ್ಕಬಳ್ಳಾಪುರದ ಸರ್ಕಾರಿ ಕಾಲೇಜೂ ಮಾಡಬಹುದು. ಖರ್ಚು ಒಂದು ಆಟೋ ಬಾಡಿಗೆ, ಒಂದಿಷ್ಟು ಪುರುಸೊತ್ತು.